ಲಂಗರು ಹಾಕಿ ತೋನ್ಸೆಪಾರ್ ನೋಡುವುದು

ಮಲ್ಪೆಯ ಎದುರಿಗೆ ಕಡಲಿನಲ್ಲಿ ಸುಮಾರು 6 ಕಿ.ಮೀ. ದೂರಕ್ಕೆ ಸೇಂಟ್ ಮೇರೀಸ್ ದ್ವೀಪಗಳಿವೆ. ತೋನ್ಸೆಪಾರ್ ಎಂದೂ ಹೇಳುತ್ತಾರೆ. ದೊಡ್ಡವು ನಾಲ್ಕು. ಅಲ್ಲಿ ಮನೆ ಮಠ ಏನೂ ಇಲ್ಲ. ಊರಲ್ಲಿ ಸೈಕಲ್ ಕೈಕೊಟ್ಟರೆ ನಡೆದು ಬರಬಹುದು, ಅಲ್ಲಿ ದೋಣಿ ತೇಲಿ ಹೋದ್ರೆ ಎಂತ ಮಾಡುದು? ಆದ್ದರಿಂದ ಮೊದಲು ಲಂಗರಿನ ಪಾಠ.

ಜನರನ್ನು ಮೊಣಕಾಲು ನೀರಿನಲ್ಲಿ ಇಳಿಸಿ, ದೋಣಿಯನ್ನು ಹಿಂದಕ್ಕೆ ಒಯ್ದು, ಅಡಿಯಲ್ಲಿ ಮರಳಿರುವ ಜಾಗದಲ್ಲಿ ಲಂಗರು ಬಿಡಬೇಕು. ಈಜು ಬಲ್ಲ ಒಬ್ಬರು ದೋಣಿಯಲ್ಲೇ ಇರಬೇಕು. ಲಂಗರು ಬರೀ ಭಾರದಿಂದ ದೋಣಿ ಹಿಡಿಯುತ್ತದೆ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಹಗ್ಗ ಉದ್ದವಿದ್ದು ಅಡ್ಡಕ್ಕೆ ಎಳೆದರೆ ಅದರ ಕೊಕ್ಕೆ ನೇಗಿಲಿನ ಹಾಗೆ ಮರಳಿಗೆ ಇಳಿಯುತ್ತದೆ. ಹಗ್ಗ ಗಿಡ್ಡವಾದರೆ ಮೇಲಕ್ಕೆ ಎಳೆದು ಕಿತ್ತು ಬರುತ್ತದೆ.

ಆಳದ ಐದು ಪಟ್ಟು ಹಗ್ಗ ಬೇಕು. ಗಾಳಿ ಇದ್ದರೆ ಏಳು ಪಟ್ಟು. ಈಗ ಲೆಕ್ಕ ಮಾಡಿ. ಇಳಿತದಲ್ಲಿ ದೋಣಿಯ ಅಂಚಿನಿಂದ ತಳಕ್ಕೆ 3 ಮೀ. ಇತ್ತು, 15 ಮೀ. ಹಗ್ಗ ಬಿಟ್ಟೆವು. ಸುಮಾರು ಆರು ಗಂಟೆಯಲ್ಲಿ ಭರತ ತುಂಬಿ ನೀರು ಒಂದೂವರೆ ಮೀ. ಏರಿದರೆ ಆಳ 4.5 ಮೀ. ಆಗ ಬೇಕಾದ ಹಗ್ಗ 22.5 ಮೀ. ನಮ್ಮದು ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ! ಹೀಗಾಗಿ ಯಾವಾಗಲೂ ಭರತದ ಆಳಕ್ಕೇ ಲೆಕ್ಕ ಹಾಕಬೇಕು. ಭರತದಲ್ಲಿ ದಡದ ಹತ್ತಿರ ನಿಲ್ಲಿಸಿದರೆ ಇನ್ನೊಂದು ಕಷ್ಟ. ಇಳಿತದಲ್ಲಿ ದೋಣಿ ಕಲ್ಲಿನ ಮೇಲೆ ಕೂತು, ಅಲೆ ಬಡಿದು ತಳ ಒಡೆಯುತ್ತದೆ.

ಲಂಗರು ಜಾರುತ್ತಿದೆಯೋ ಎಂದು ತಿಳಿಯಲು ಸುಲಭ ಉಪಾಯವಿದೆ. ದಡದ ಒಂದು ಬಂಡೆ, ಅದರ ಹಿಂದಿನ ಒಂದು ತೆಂಗಿನಮರ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟು ನೋಡುವುದು. ಗಾಳಿಗೆ ದೋಣಿ ಅತ್ತಿತ್ತ ಓಲಾಡುತ್ತದೆ, ಗೆರೆ ಮತ್ತೆ ಕೂಡುತ್ತದೆ. ಕೂಡದೆ ತಪ್ಪುತ್ತಲೇ ಹೋದರೆ ಜಾರುತ್ತಿದೆ ಎಂದರ್ಥ.

ಇನ್ನು ದ್ವೀಪ. ತೆಂಗಿನ ದ್ವೀಪ ಅರ್ಧ ಕಿ.ಮೀ. ಉದ್ದ, ಸುಮಾರು 100 ಮೀ. ಅಗಲ. ಅಲ್ಲಿ ಯಾರೋ ಕೆತ್ತಿ ಜೋಡಿಸಿದ ಹಾಗೆ ಕಲ್ಲಿನ ಕಂಬಗಳು ನಿಂತಿವೆ. ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಏಳು. ಕೆತ್ತಿದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದ್ದೀರಲ್ಲ? ಹಾಗೆಯೇ ಲಾವಾರಸ ತಣಿದು ಕುಗ್ಗುವಾಗ ಬಿರಿದು, ಬಿರುಕು ಕೆಳಕೆಳಗೆ ಇಳಿದು ಕಂಬಗಳಾದವು. ಇದಾಗಿ ಸುಮಾರು 8 ಕೋಟಿ 80 ಲಕ್ಷ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲ ಅದು. ಅದೇ ಪ್ರಾಯದ ಜ್ವಾಲಾಮುಖಿ ಕಲ್ಲು ಮಡಗಾಸ್ಕರಿನಲ್ಲೂ ಸಿಗುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಹೆಸರಿಟ್ಟನೆಂದು ಪ್ರತೀತಿ ಇದೆ. ನನಗಂತೂ ಅವನಿಗಿಂತ ಈ ಕಂಬಗಳೇ ದೊಡ್ಡ ಸುದ್ದಿ. ಪಾಚಿ ಹಿಡಿದ ಕಲ್ಲು ಹತ್ತಬೇಡಿ, ಭಾರೀ ಜಾರುತ್ತದೆ. ಮಳೆಗಾಲದಲ್ಲಿ ಹೋಗುವ ಮಾತೇ ಬೇಡ.

ಹೊರಡುವಾಗ ಲಂಗರನ್ನು ದೂರದಿಂದ ಜಗ್ಗಬಾರದು. ಹಗ್ಗ ಒಳಗೆಳೆಯುತ್ತಾ ದೋಣಿಯನ್ನು ಲಂಗರಿನ ನೆತ್ತಿಗೆ ತಂದು ನೇರ ಮೇಲಕ್ಕೆ ಎತ್ತಿದರೆ ಬಿಟ್ಟು ಬರುತ್ತದೆ. ಕಲ್ಲಿನ ಸಂದಿಗೆ ಸಿಕ್ಕಿದ್ದರೆ ದೋಣಿಯನ್ನು ಎದುರು ಬದಿಗೆ ಒಯ್ದು ಅಲ್ಲಿಂದ ಎಳೆಯುತ್ತಾರೆ.