ಹೂಜಿಯಂಥ ಮರವೂ ಅಡಿಕೆಯ ನೆಂಟನೇ?

ಪ್ರಶ್ನೆ: ಮಗಳನ್ನು ಕಾಲೇಜಿಗೆ ಸೇರಿಸಲು ಬೆಂಗಳೂರಿಗೆ ಬಂದವನು ಲಾಲ್‌ಬಾಗ್ ಸುತ್ತಾಡಿದೆ. ಅಲ್ಲಿ ಕಂಡ ಮೂರು ಮರ ಇನ್ನೂ ತಲೆಯಲ್ಲೇ ಕೂತಿವೆ. ಒಂದು ಕುಳ್ಳು, ಬುಡ ಹೂಜಿಯಂತೆ ಉಬ್ಬಿದೆ, ನೆತ್ತಿಯಲ್ಲಿ ನಾಲ್ಕೈದೇ ಸೋಗೆ. ಇನ್ನೊಂದು ಬಲು ಎತ್ತರ, ಬೂದು ಬಣ್ಣದ ನುಣುಪು ಕಾಂಡ, ನಡುವೆ ದಪ್ಪ. ಮೂರನೆಯದರ ಎಲೆಗಳು ಎರಡೇ ಬದಿಗೆ ಸಾಲಾಗಿ, ಬೀಸಣಿಗೆ ಬಿಚ್ಚಿಟ್ಟಂತಿವೆ. ಹೆಸರಿನ ಫಲಕ ಕಾಣಲಿಲ್ಲ. ನಾವು ಅಡಿಕೆ ತೋಟದವರು. ಇವೆಲ್ಲ ಅಡಿಕೆಯ ಕುಲದವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲಿನ ಎರಡು ಹೌದು. ಮೂರನೆಯದು ಅಲ್ಲ.

ಅಡಿಕೆ ತೋಟದವರು ಎಂದು ಬರೆದದ್ದು ಒಳ್ಳೆಯದಾಯಿತು. ಅಡಿಕೆ ಸೇರಿದ ತಾಳೆ ಕುಟುಂಬದಲ್ಲಿ ಸುಮಾರು 2,600 ಜಾತಿಗಳಿವೆ. ಅವುಗಳನ್ನು ಗುರುತಿಸಲು ಸಸ್ಯವಿಜ್ಞಾನಿಗಳು ನೋಡುವ ಭಾಗಗಳಿಗೆಲ್ಲ ನಿಮ್ಮ ತೋಟದಲ್ಲಿ ಆಗಲೇ ಹೆಸರಿದೆ: ಸೋಗೆ, ಹಾಳೆ, ಸುಳಿ, ಹೊಂಬಾಳೆ, ಸಿಂಗಾರ. ಹೊಸ ಮರ ಕಂಡಾಗ ಎಲ್ಲರ ಕಣ್ಣೂ ಕಾಂಡದ ಮೇಲೆ ಬೀಳುತ್ತದೆ. ನೀವು ಹಾಳೆಯಿಂದ ಶುರು ಮಾಡಿ. ಅಡಿಕೆಯಲ್ಲಿ ಸೋಗೆಯ ಬುಡ ಹಾಳೆಯಾಗಿ ಮರದ ಕೊರಳನ್ನು ಬಿಗಿಯಾಗಿ ಸುತ್ತಿ, ಹಸಿರು ಕೊಳವೆಯಂತೆ ನಿಂತಿರುತ್ತದಲ್ಲ, ತೆಂಗಿಗೆ ಅದಿಲ್ಲ. ಹಾಗಾಗಿಯೇ ತೆಂಗಿನ ಹೊಂಬಾಳೆ ಗರಿಗಳ ಸಂದಿನಲ್ಲಿ ಒಡೆದರೆ, ಅಡಿಕೆಯ ಸಿಂಗಾರ ಹಾಳೆ ಕಳಚಿಬಿದ್ದ ಮೇಲೆ ಅದರ ಕೆಳಗೆ ಹೊರಬರುತ್ತದೆ. ನೀವು ನೋಡಿದ ಹೂಜಿ ಮರಕ್ಕೂ ಎತ್ತರದ ಮರಕ್ಕೂ ಅಡಿಕೆಯಂಥದೇ ಹಾಳೆ, ಹೂ ಬಿಡುವ ಜಾಗವೂ ಅದೇ.

ಹೂಜಿ ಮರ ಬಾಟಲ್ ಪಾಮ್, ಶಾಸ್ತ್ರೀಯ ಹೆಸರು ಹಯೊಫೋರ್ಬೆ ಲಜೆನಿಕಾಲಿಸ್. ಅದರ ಊರು ಮಾರಿಷಸ್ಸಿನ ಪಕ್ಕದ ರೌಂಡ್ ಐಲೆಂಡ್ ಎಂಬ ಸಣ್ಣ ದ್ವೀಪ. ಅಲ್ಲಿ ತಂದು ಬಿಟ್ಟ ಮೇಕೆ ಮತ್ತು ಮೊಲಗಳು ಎಳೆ ಸಸಿಗಳನ್ನು ಮೇಯುತ್ತ ಹೋದವು. ಮುದಿ ಮರಗಳು ಒಂದೊಂದಾಗಿ ಉರುಳಿದವು, ಅವುಗಳ ಜಾಗಕ್ಕೆ ಹೊಸವು ಏಳಲಿಲ್ಲ. ಕೊನೆಗೆ ಇಡೀ ದ್ವೀಪದಲ್ಲಿ ಬೆರಳೆಣಿಕೆಯಷ್ಟು ಉಳಿದವು. 1979ರ ಹೊತ್ತಿಗೆ ಮೇಕೆಗಳನ್ನೂ 1986ರಲ್ಲಿ ಮೊಲಗಳನ್ನೂ ಅಲ್ಲಿಂದ ಪೂರ್ತಿ ತೆಗೆದ ಮೇಲೆ ಸಸಿಗಳು ಮತ್ತೆ ತಲೆಯೆತ್ತಿದವು. ತನ್ನ ಮಣ್ಣಿನಲ್ಲೇ ಅಳಿವಿನ ಅಂಚಿಗೆ ಹೋಗಿದ್ದ ಜೀವ ನಮ್ಮ ಉದ್ಯಾನಗಳಲ್ಲಿ ಸೊಂಪಾಗಿ ನಿಂತಿರುವುದನ್ನು ನೋಡಿದಾಗೆಲ್ಲ ನನಗೆ ಒಂದು ನಿಮಿಷ ಅಲ್ಲೇ ನಿಲ್ಲಬೇಕೆನಿಸುತ್ತದೆ.

ಎತ್ತರದ್ದು ರಾಯಲ್ ಪಾಮ್, ಕ್ಯೂಬಾದ ರಾಷ್ಟ್ರೀಯ ಮರ. ಕಾಂಡ ಸಿಮೆಂಟ್ ಗಿಲಾವು ಮಾಡಿದ ಕಂಬದ ಹಾಗಿರುತ್ತದೆ. ನಮ್ಮಲ್ಲಿ ಇದನ್ನೂ ಬಾಟಲ್ ಪಾಮ್ ಎಂದು ಕರೆಯುವ ರೂಢಿ ಇರುವುದರಿಂದ ಗೊಂದಲ. ಸೋಗೆ ನೋಡಿದರೆ ಅನುಮಾನ ಹೋಗುತ್ತದೆ. ಅಡಿಕೆಯ ಸೋಗೆಯಂತೆ ಎಳೆಗಳು ಎರಡು ಬದಿಗೆ ಮಟ್ಟಸವಾಗಿರದೆ ಸುತ್ತಲೂ ಚಿಮ್ಮಿ, ಚಾಮರದಂತೆ ತುಂಬಿಕೊಂಡಿರುತ್ತವೆ.

ಇನ್ನೊಂದು ಗುರುತು ಹೇಳುತ್ತೇನೆ, ಇದು ಮಲೆನಾಡಿನವರಿಗೆ ಬೇಗ ಹಿಡಿಯುತ್ತದೆ. ಸೋಗೆಯ ಒಂದು ಎಳೆ, ನಡುದಿಂಡಿಗೆ ಅಂಟಿದ ಜಾಗದಲ್ಲಿ ಹೇಗೆ ಮಡಚಿದೆ ನೋಡಿ. ಈಚಲು, ಖರ್ಜೂರ, ಕಾಡಿನ ಬಗನಿ ಇವುಗಳಲ್ಲಿ ಅದು ನೀರು ಹರಿಸಲು ಇಟ್ಟ ದಂಬೆಯಂತೆ ಮೇಲಕ್ಕೆ ಬಾಯ್ತೆರೆದಿರುತ್ತದೆ. ಅಡಿಕೆ, ತೆಂಗು ಮತ್ತು ನಿಮ್ಮ ಮೊದಲೆರಡು ಮರಗಳಲ್ಲಿ ದಂಬೆಯನ್ನು ಬೋರಲು ಹಾಕಿದಂತೆ. ಗರಿಯಂಥ ಎಲೆಯ ತಾಳೆಗಳಲ್ಲಿ ಹೆಚ್ಚಿನವು ಬೋರಲು ದಂಬೆಯವೇ. ಉದುರಿಬಿದ್ದ ಒಂದು ಸೋಗೆ ಸಿಕ್ಕರೆ ಸಾಕು, ಮರದ ತುದಿ ನೋಡಿ ಕತ್ತು ನೋಯಿಸಿಕೊಳ್ಳಬೇಕಿಲ್ಲ.

ಹಾಗೆಯೇ ನರ್ಸರಿಯಲ್ಲಿ ಯಾರಾದರೂ 'ಅರೆಕಾ ಪಾಮ್' ಎಂದು ಕುಂಡದ ಗಿಡ ಕೊಟ್ಟರೆ ಅದು ನಿಮ್ಮ ಅಡಿಕೆಯಲ್ಲ. ಹಳದಿ ದಂಟಿನ, ಹಿಂಡಾಗಿ ಬೆಳೆಯುವ ಆ ಗಿಡ ಮಡಗಾಸ್ಕರಿನದು. ಹೆಸರು ಮಾತ್ರ ಅಡಿಕೆಯದು.

ಇನ್ನು ಬೀಸಣಿಗೆ ಮರ. ಅದನ್ನು ಟ್ರಾವೆಲರ್ಸ್ ಪಾಮ್ ಎನ್ನುತ್ತಾರೆ, ಆದರೆ ತಾಳೆ ಕುಟುಂಬಕ್ಕೂ ಅದಕ್ಕೂ ನಂಟಿಲ್ಲ. ಅದರ ಒಂದು ಎಲೆಯನ್ನು ಬೀಸಣಿಗೆಯಿಂದ ಬೇರೆಯಾಗಿ ನೆನೆಸಿಕೊಳ್ಳಿ: ಅಗಲ, ನಡುವೆ ದಪ್ಪ ದಿಂಡು, ಗಾಳಿಗೆ ಅಡ್ಡಡ್ಡ ಸೀಳಿದ ಅಂಚು. ಊಟಕ್ಕೆ ಕೊಯ್ಯುವ ಬಾಳೆಯೆಲೆಯೇ ಕಣ್ಣಮುಂದೆ ಬರುತ್ತದೆ ಅಲ್ಲವೇ? ಅದು ಬಾಳೆಯ ದೂರದ ಬಂಧು, ರಾವೆನಾಲಾ ಎಂದು ಹೆಸರು, ಇದೂ ಮಡಗಾಸ್ಕರಿನಿಂದಲೇ ಬಂದದ್ದು. ಎಲೆಯ ಬುಡಗಳಲ್ಲಿ ಮಳೆನೀರು ನಿಲ್ಲುತ್ತದೆ, ದಾರಿಹೋಕರ ಬಾಯಾರಿಕೆಗೆ ಅದು ಒದಗುತ್ತಿತ್ತು ಎಂಬ ಮಾತಿನಿಂದ ಪ್ರಯಾಣಿಕರ ಹೆಸರು ಅಂಟಿತು. ಬೀಸಣಿಗೆ ಸದಾ ಪೂರ್ವ–ಪಶ್ಚಿಮಕ್ಕೇ ಹರಡಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದು ಯಾವ ದಿಕ್ಕಿಗಾದರೂ ಬೆಳೆಯುತ್ತದೆ. ಅದರ ತವರಿನಲ್ಲಿ ಹೂವಿನ ಮಕರಂದ ಕುಡಿಯಲು ಲೀಮರ್‌ಗಳು ಬರುತ್ತವೆ, ಅವುಗಳ ಮೂತಿಗೆ ಅಂಟಿದ ಪರಾಗ ಮರದಿಂದ ಮರಕ್ಕೆ ಸಾಗುತ್ತದೆ.

ಮುಂದಿನ ಸಲ ಮಗಳನ್ನು ನೋಡಲು ಬಂದಾಗ ಇಬ್ಬರೂ ಹೋಗಿ ಆ ಮೂರನೆಯ ಮರದ ಬುಡದಲ್ಲಿ ಹುಡುಕಿ. ಮೂರು ಹೋಳಾಗಿ ಬಿರಿದ ಕಟ್ಟಿಗೆಯಂಥ ಕಾಯಿ ಸಿಕ್ಕರೆ ಒಳಗೆ ನೋಡಿ. ಬೀಜಗಳಿಗೆ ಸುತ್ತಿದ ಸಿಪ್ಪೆ ಕಡುನೀಲಿ, ನವಿಲಿನ ಕತ್ತಿನ ನೀಲಿ.