ಟೆಲಿಸ್ಕೋಪು ಸ್ವಲ್ಪ ತಡವಾಗಿ ಹೊರಬರಲಿ

ಶಾಲೆಗೆ ಟೆಲಿಸ್ಕೋಪು ಬಂತೆಂದು ಮೊನ್ನೆ ಸಂತೆಯಲ್ಲಿ ಸಿಕ್ಕಾಗ ಹೇಳಿದೆಯಲ್ಲ, ಆಗ ನಿನ್ನ ಮುಖದ ಹುರುಪು ನೋಡಿ ಖುಷಿಯಾಯಿತು. ಊರವರನ್ನೆಲ್ಲ ಸೇರಿಸಿ ಆಕಾಶ ತೋರಿಸುತ್ತೇನೆ, ಇಸ್ರೋ ರಾಕೆಟ್ಟಿನ ಕಥೆ ಹೇಳುತ್ತೇನೆ ಅಂದೆ. ಅಷ್ಟರಲ್ಲಿ ಬಸ್ಸು ಬಂತು. ಅಂದು ಉಳಿದ ಮಾತನ್ನು ಈಗ ಬರೆಯುತ್ತಿದ್ದೇನೆ ತಂಗೀ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದವನ ಮಾತು. ಹಿಡಿಸಿದಷ್ಟು ಇಟ್ಟುಕೋ.

ನನ್ನ ಮೊದಲ ಆಕಾಶವೀಕ್ಷಣೆ ನೆಲಕಚ್ಚಿತ್ತು. ಜನ ಬಂದಿದ್ದರು. ನಾನು ಒಂದು ಗಂಟೆ ಮಹಾಸ್ಫೋಟ, ನೀಹಾರಿಕೆ ಎಂದೆಲ್ಲ ಕೊರೆದು ಹೊರಗೆ ಕರೆತರುವಷ್ಟರಲ್ಲಿ ಮಂಜು ಇಳಿದಿತ್ತು, ಮಸೂರದ ಮೇಲೆ ಇಬ್ಬನಿ ಕೂತಿತ್ತು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕಣ್ಣಿಟ್ಟು ನೋಡಿ, ‘ಬರೀ ಹೊಗೆ ಮಗಾ’ ಅಂದರು. ಅವಮಾನಕ್ಕೆ ಕರವಸ್ತ್ರದಿಂದ ಮಸೂರ ಉಜ್ಜಿದೆ. ಆ ಗೀರು ಕೊನೆಯವರೆಗೂ ಹೋಗಲಿಲ್ಲ. ನೀನು ದಪ್ಪ ಕಾಗದ ಸುತ್ತಿ ಕೊಳವೆಯ ಮುಂದಕ್ಕೊಂದು ಟೊಪ್ಪಿ ಮಾಡು. ಇಬ್ಬನಿ ಬಿದ್ದರೂ ಒರೆಸಬೇಡ, ತಾನಾಗಿ ಆರಲಿ.

ಆದರೆ ಅಂದು ಸೋತದ್ದು ಮಂಜಿನಿಂದ ಮಾತ್ರವಲ್ಲ. ಆ ಅಜ್ಜಿಗೆ ಗೊತ್ತಿದ್ದ ಆಕಾಶವನ್ನು ಬಿಟ್ಟು, ನನಗೇ ಸರಿಯಾಗಿ ಗೊತ್ತಿಲ್ಲದ ಆಕಾಶದ ಬಗ್ಗೆ ಮಾತಾಡಿದ್ದೆ. ಕೊಡಗಿನವರಿಗೆ ನಕ್ಷತ್ರ ಹೊಸತೇನು? ಹುತ್ತರಿಗೆ ಹುಣ್ಣಿಮೆ, ರೋಹಿಣಿ ನಕ್ಷತ್ರ ನೋಡಿ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗಳಿಗೆ ಗೊತ್ತುಮಾಡುತ್ತಾರೆ. ಆ ಗಳಿಗೆಗೆ ಕೋವಿ ಹಾರಿಸಿ ಬೆಳದಿಂಗಳಲ್ಲಿ ಕದಿರು ಕೊಯ್ಯುತ್ತಾರೆ. ಹುತ್ತರಿ ಹುಣ್ಣಿಮೆಗೆ ರೋಹಿಣಿಯೇ ಯಾಕೆ ಎಂದು ಮಕ್ಕಳನ್ನು ಕೇಳಿ ನೋಡು. ಆ ಹೊತ್ತಿಗೆ ಸೂರ್ಯ ವೃಶ್ಚಿಕದಲ್ಲಿರುತ್ತಾನೆ. ಆಕಾಶದ ಆಚೆ ಬದಿಯಲ್ಲಿ ಅವನಿಗೆ ಹೆಚ್ಚುಕಡಿಮೆ ಎದುರಾಗಿ ರೋಹಿಣಿ. ಹುಣ್ಣಿಮೆ ಚಂದ್ರ ಸೂರ್ಯನ ಎದುರೇ ನಿಲ್ಲಬೇಕಲ್ಲ, ಹಾಗಾಗಿ ರೋಹಿಣಿಯ ಮಗ್ಗುಲಿಗೆ ಬರುತ್ತಾನೆ. ಒಂದು ಲಾಂದ್ರ, ಒಂದು ಕಿತ್ತಳೆಹಣ್ಣು ಇದ್ದರೆ ಇದನ್ನು ಅಂಗಳದಲ್ಲೇ ತೋರಿಸಬಹುದು. ರೋಹಿಣಿ ಸುಮಾರು 65 ಬೆಳಕಿನ ವರ್ಷ ದೂರದಲ್ಲಿದೆ. ನಾನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಹೊರಟ ಬೆಳಕು ಈಗ ನಮ್ಮ ಗದ್ದೆಗೆ ಬಂದು ಮುಟ್ಟುತ್ತಿದೆ. ಇಷ್ಟು ಕೇಳಿದ ಮಗು ದೂರ ಅಂದರೇನು ಎಂದು ತಾನಾಗಿಯೇ ಕೇಳುತ್ತದೆ.

ತಲಕಾವೇರಿಯ ತೀರ್ಥೋದ್ಭವದ್ದು ಇನ್ನೂ ಚೆಂದ. ಅಕ್ಟೋಬರ್ 17ರ ಹೊತ್ತಿಗೆ ಬರುವ ತುಲಾ ಸಂಕ್ರಮಣದಲ್ಲಿ ಸೂರ್ಯ ಚಿತ್ತಾ ನಕ್ಷತ್ರದ ನೇರಕ್ಕೆ ಬಂದಿರುತ್ತಾನೆ. ಅಂದು ಬೆಳಗಿನ ಜಾವ ಐದಕ್ಕೆ ಎದ್ದು ದಕ್ಷಿಣಕ್ಕೆ ಮುಖ ಮಾಡು. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಮೋಡ ಬಿಟ್ಟಿದ್ದರೆ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಒಂದೇ ಒಂದು ದೊಡ್ಡ ಚುಕ್ಕಿ ಇರುತ್ತದೆ. ಅದು ಅಗಸ್ತ್ಯ, ಇರುಳಿನ ನಕ್ಷತ್ರಗಳಲ್ಲಿ ಹೊಳಪಿನಲ್ಲಿ ಎರಡನೆಯದು. ಕಾವೇರಿಯನ್ನು ಕಮಂಡಲದಲ್ಲಿ ಇಟ್ಟುಕೊಂಡ ಅಗಸ್ತ್ಯ, ತೀರ್ಥೋದ್ಭವದ ದಿನ ಬೆಳಕು ಹರಿಯುವ ಮುಂಚೆ ತನ್ನ ಅತ್ಯುನ್ನತ ಸ್ಥಾನದಲ್ಲಿ ನಿಂತಿರುತ್ತಾನೆ. ಕಥೆ ಕಟ್ಟಿದವರು ಇದನ್ನು ನೋಡಿಯೇ ಕಟ್ಟಿದರೋ ಇಲ್ಲವೋ, ನಾನು ವಾದಿಸುವುದಿಲ್ಲ. ನೀನೂ ವಾದಿಸಬೇಡ, ತೋರಿಸು ಸಾಕು.

ಪಠ್ಯಪುಸ್ತಕ ಧ್ರುವನಿಂದ ಶುರುಮಾಡು ಅನ್ನುತ್ತದೆ. ನಮಗೆ ಧ್ರುವ ಉತ್ತರದಲ್ಲಿ ಬರೀ 12 ಡಿಗ್ರಿ ಎತ್ತರ, ಎದುರಿಗೊಂದು ಬೆಟ್ಟ ಬಂದರೆ ಮುಗಿಯಿತು. ನಮ್ಮ ಸಿರಿ ಇರುವುದು ದಕ್ಷಿಣದಲ್ಲಿ. ಬೇಸಿಗೆಯ ರಾತ್ರಿಗಳಲ್ಲಿ ತ್ರಿಶಂಕುವೂ ಕಾಣುತ್ತದೆ.

ಗ್ರಹಣದ ಮಾತು ಬಂದಾಗ ಎಚ್ಚರ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣದ ಪಟ್ಟಿ ಕಾಸರಗೋಡಿನ ಚೆರುವತ್ತೂರಿನಿಂದ ಹಿಡಿದು ನಮ್ಮ ದಕ್ಷಿಣ ಕೊಡಗಿನ ಮೇಲೇ ಹಾಯಿತು. ಅದೇ ದಿನ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಬಂತು. ಓದಿ ನನ್ನ ಹೊಟ್ಟೆ ತೊಳಸಿತು. ಹಾಗೆಂದು ಆ ತಾಯಂದಿರನ್ನು ನಗೆಪಾಟಲು ಮಾಡಿದರೆ ಅವರು ಇನ್ನೊಮ್ಮೆ ನಿನ್ನ ಬಳಿ ಬರುವುದಿಲ್ಲ. ಅವರಿಗೆ ಬೇಕಿದ್ದದ್ದು ಒಬ್ಬ ಡಾಕ್ಟರು. ಗ್ರಹಣದಂದು ಬಾಗಿಲು ಹಾಕಿಕೊಳ್ಳುವ ಲೈನ್ ಮನೆಯವರನ್ನು ಬೈಯಬೇಡ, ಕಾಫಿ ಕಣಕ್ಕೆ ಕರೆದು ನೆಲ ತೋರಿಸು. ಎಲೆಗಳ ಸಂದಿಯಿಂದ ಬೀಳುವ ಒಂದೊಂದು ಬೆಳಕಿನ ಬೊಟ್ಟೂ ಸೂರ್ಯನ ಚಿತ್ರವೇ. ಕಂಕಣದ ಹೊತ್ತಿಗೆ ಅವೆಲ್ಲ ಬಳೆಗಳಾಗುತ್ತವೆ. ಆದರೆ ಎಕ್ಸ್‌ರೇ ಹಾಳೆ ಹಿಡಿದು ಸೂರ್ಯನನ್ನು ನೋಡಲು ಯಾರನ್ನೂ ಬಿಡಬೇಡ. ಅಲ್ಲಿ ಮಾತ್ರ ಗದರಿಸಬಹುದು.

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ, 2023ರಲ್ಲಿ ಚಂದ್ರಯಾನ-3 ಇಳಿದ ದಿನ. ನಮ್ಮಲ್ಲಾಗ ಕೊಡೆ ಮಡಿಸಲಾಗದ ಮಳೆ. ಅಂದು ಒಳಗೆ ಕೂತು ಚಿತ್ರ ತೋರಿಸು, ರಾಕೆಟ್ಟಿನ ಕಥೆಯೂ ಆಗಲಿ. ಆಕಾಶವನ್ನು ನವೆಂಬರಿನಿಂದ ಮಾರ್ಚಿಗೆ ಇಟ್ಟುಕೋ. ಏಪ್ರಿಲ್ 23ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡೂವರೆಗೆ ಸ್ವಲ್ಪ ಮುಂಚೆ, ಮಡಿಕೇರಿಯಲ್ಲಿ ನೆಟ್ಟಗಿಟ್ಟ ಕೋಲಿಗೆ ನೆರಳಿರುವುದಿಲ್ಲ. ಅದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಪಿಲಿಕುಳದಲ್ಲಿ 2018ರಿಂದ ತಾರಾಲಯವಿದೆ, ಬೆಂಗಳೂರಿನದು 1989ರಷ್ಟು ಹಳೆಯದು. ಮಕ್ಕಳನ್ನು ಕರೆದುಕೊಂಡು ಹೋಗು, ಆದರೆ ಹೊರಗೆ ಒಂದು ವರ್ಷ ನಿಜವಾದ ಆಕಾಶ ನೋಡಿಸಿದ ಮೇಲೆ. ಮೊದಲೇ ಹೋದರೆ ಅದು ಸಿನಿಮಾ ಆಗುತ್ತದೆ.

ಇನ್ನೊಂದು ಮಾತು. ಮಡಿಕೇರಿಯಲ್ಲೇ ನಿಂತುಬಿಡಬೇಡ. ನಾಗರಹೊಳೆ ಅಂಚಿನ ಹಾಡಿಗಳ ಮಕ್ಕಳ ನೆತ್ತಿಯ ಮೇಲಿರುವ ಕತ್ತಲೆ ರೆಸಾರ್ಟ್ ದೀಪಗಳ ನಡುವೆ ನಮಗೆಲ್ಲಿ ಸಿಗಬೇಕು? ಹೋಗುವ ಮುಂಚೆ ಆನೆ ದಾಟುವ ದಾರಿ ಯಾವುದೆಂದು ಅಲ್ಲಿಯವರನ್ನೇ ಕೇಳು, ಎಂಟು ಗಂಟೆಯೊಳಗೆ ಮುಗಿಸು. ಅವರು ಚುಕ್ಕಿಗಳಿಗೆ ಏನೆನ್ನುತ್ತಾರೆ ಎಂಬುದನ್ನೂ ಬರೆದುಕೋ. ಟಾರ್ಚಿಗೆ ಕೆಂಪು ಕಾಗದ ಕಟ್ಟು. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು. ಆ ಹೊತ್ತು ಮಾತು ಬೇಡ, ಮೊಬೈಲಂತೂ ಬೇಡವೇ ಬೇಡ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗುವುದಿಲ್ಲ ಎಂದು ನಿನ್ನ ಸಹೋದ್ಯೋಗಿಗಳು ಅಂದರೆ ಜಿ.ಟಿ. ನಾರಾಯಣ ರಾವ್ ಅವರ ಪುಸ್ತಕ ಕೈಗಿಡು. 1926ರಲ್ಲಿ ಹುಟ್ಟಿದ್ದು ಇದೇ ಮಡಿಕೇರಿಯಲ್ಲಿ. ಕಾಲೇಜಿನಲ್ಲಿ ಗಣಿತ ಕಲಿಸಿ, ಎನ್‌ಸಿಸಿ ನಡೆಸಿ, ಆಮೇಲೆ ಮೈಸೂರಿನಲ್ಲಿ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗ ನೋಡಿಕೊಂಡವರು. ಕಪ್ಪುಕುಳಿಗಳ ಮೇಲೆ ‘ಕೃಷ್ಣವಿವರಗಳು’ ಬರೆದರು. 2008ರಲ್ಲಿ ತೀರಿಕೊಂಡರು. ಅವರ ಕನ್ನಡ ಸ್ವಲ್ಪ ಗಟ್ಟಿ, ಜಗಿದು ತಿನ್ನಬೇಕು. ತಪ್ಪೇನಿಲ್ಲ.

ಟೆಲಿಸ್ಕೋಪನ್ನು ಸದ್ಯ ಬೀರುವಿನಲ್ಲೇ ಇಡು. ಈ ತುಲಾ ಸಂಕ್ರಮಣಕ್ಕೆ ಮಕ್ಕಳನ್ನು, ಅವರ ಅಜ್ಜಿಯರನ್ನು ಬೆಳಗಿನ ಜಾವ ಮೈದಾನಕ್ಕೆ ಕರೆ. ನಾನೂ ಬರುತ್ತೇನೆ, ಕಾಫಿ ಫ್ಲಾಸ್ಕು ನನ್ನದು.