ಧರ್ಮೋಪದೇಶದ ತರಗತಿಯಲ್ಲಿ ಕೂಲಿಯ ಮಾತು ಆಡಬಾರದೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ಬಹಳ ವರ್ಷಗಳಿಂದ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತಿದ್ದೇನೆ. ಈ ಸಲ ದೃಢೀಕರಣ ಸಂಸ್ಕಾರಕ್ಕೆ ಸಿದ್ಧವಾಗುತ್ತಿರುವ ಮಕ್ಕಳು ನನ್ನ ಪಾಲಿಗೆ ಬಂದಿದ್ದಾರೆ. ನ್ಯಾಯದ ಪಾಠ ಮುಗಿದ ಮೇಲೆ, "ನಿಮ್ಮ ಮನೆಗೆಲಸದವರಿಗೆ ಸಂಬಳ ಎಷ್ಟು, ವಾರದ ರಜೆ ಇದೆಯೇ ಎಂದು ಕೇಳಿ ಬರೆದುಕೊಂಡು ಬನ್ನಿ" ಎಂದೆ. ಪಾಲಕರ ವಾಟ್ಸ್‌ಆಪ್ ಗ್ರೂಪಿನಲ್ಲಿ ದೊಡ್ಡ ಗಲಾಟೆಯಾಯಿತು. "ಜಪ ಕಲಿಸಿ ಸಾಕು, ಚರ್ಚಿನೊಳಗೆ ರಾಜಕೀಯ ತರಬೇಡಿ" ಎಂದರು. ಸಭೆಯಲ್ಲಿ ಮಾತು ಬಂದಾಗ ಫಾದರ್ ಕೂಡ ಏನೂ ಹೇಳಲಿಲ್ಲ. ಒಬ್ಬ ಹುಡುಗಿ ಮಾತ್ರ ಬರೆದು ತಂದಿದ್ದಳು: "ನಮ್ಮಮ್ಮನೇ ಮನೆಗೆಲಸಕ್ಕೆ ಹೋಗೋದು. ಭಾನುವಾರವೂ ರಜೆ ಇಲ್ಲ." ಈಗ ಬಲಿಪೂಜೆಯಲ್ಲಿ ಕೂತರೂ ಮನಸ್ಸು ನಿಲ್ಲುವುದಿಲ್ಲ, ರಾತ್ರಿ ನಿದ್ದೆ ಇಲ್ಲ. ತರಗತಿ ಬಿಟ್ಟುಬಿಡಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪ್ರೀತಿಯ ಸಹೋದರಿ, ನಿಮಗಾದ ನೋವು ಸಣ್ಣದಲ್ಲ. ಬೇರೆಯವರು ಬೈದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದಿರಿ. ಇಲ್ಲಿ ಬೈದವರು ಪೂಜೆಯ ನಡುವೆ ನಿಮಗೆ ಕೈಜೋಡಿಸಿ ಶಾಂತಿ ಕೋರುವವರು. ನಿಮ್ಮ ಮನೆಯ ಸಾವುನೋವಿಗೆ, ಮದುವೆಗೆ ಬಂದು ನಿಂತವರೂ ಅವರಲ್ಲಿ ಇರಬಹುದು. ಅಂಥವರು ಒಟ್ಟಾಗಿ ಬೆರಳು ತೋರಿಸಿದಾಗ, "ನಾನು ಈ ಚರ್ಚಿನವಳು ಹೌದೋ ಅಲ್ಲವೋ" ಎಂಬ ಅನುಮಾನವೇ ಹುಟ್ಟುತ್ತದೆ. ಬಲಿಪೂಜೆಯಲ್ಲಿ ಮನಸ್ಸು ನಿಲ್ಲದಿರುವುದು ಅದಕ್ಕೇ. ಅದನ್ನು ವಿಶ್ವಾಸ ಕುಸಿಯಿತು ಎಂದು ತಿಳಿಯಬೇಡಿ. ನೋವಾದ ಜಾಗದಲ್ಲೇ ಪ್ರತಿ ವಾರ ಹೋಗಿ ಕೂರಬೇಕಾದರೆ ಯಾರಿಗೂ ಕಷ್ಟವೇ.

ಮೊದಲು ನಿಮ್ಮ ಮನಸ್ಸನ್ನು ಕೊರೆಯುತ್ತಿರುವ ಸಂದೇಹಕ್ಕೆ ಬರೋಣ. ನೀವು ಕಲಿಸಿದ್ದು ಧರ್ಮಸಭೆಯ ಹೊರಗಿನ ಮಾತೇ? ಖಂಡಿತ ಅಲ್ಲ. ನಮ್ಮ ಅಜ್ಜಿಯರ ಕಾಲದ ಧರ್ಮೋಪದೇಶದಲ್ಲೇ, ಸ್ವರ್ಗದ ಕಡೆಗೆ ಮೊರೆಯಿಡುವ ಪಾಪಗಳ ಪಟ್ಟಿಯಲ್ಲಿ, ಕೊಲೆಯ ಜೊತೆಗೆ ಕೂಲಿಕಾರರ ಕೂಲಿ ತಡೆಹಿಡಿಯುವುದೂ ಸೇರಿತ್ತು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲೂ ಅದು ಹಾಗೆಯೇ ಇದೆ. ಸಂತ ಯಾಕೋಬರ ಪತ್ರದ ಐದನೆಯ ಅಧ್ಯಾಯವನ್ನು ತೆರೆದು ನೋಡಿ, ಕೊಡದೆ ಉಳಿಸಿಕೊಂಡ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುವ ಮಾತು ಅಲ್ಲಿದೆ. ಹದಿಮೂರನೆಯ ಲಿಯೋ ಜಗದ್ಗುರುಗಳು ದುಡಿಯುವವರ ನ್ಯಾಯವಾದ ಕೂಲಿಗಾಗಿ 'ರೇರುಮ್ ನೊವಾರುಮ್' ಪರಿಪತ್ರ ಬರೆದದ್ದು 1891ರಲ್ಲಿ. ಈಗಿನ ಜಗದ್ಗುರು ಹದಿನಾಲ್ಕನೆಯ ಲಿಯೋ 2025ರಲ್ಲಿ ಆ ಹೆಸರನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣವಾಗಿ ಹೇಳಿದ್ದೂ ಆ ಪರಿಪತ್ರವನ್ನೇ. ಇನ್ನು 1971ರಲ್ಲಿ ರೋಮ್‌ನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೊಡ್, ನ್ಯಾಯಕ್ಕಾಗಿ ದುಡಿಯುವುದು ಶುಭಸಂದೇಶ ಸಾರುವ ಕೆಲಸದ ಅವಿಭಾಜ್ಯ ಅಂಗ ಎಂದು ಸ್ಪಷ್ಟವಾಗಿ ಹೇಳಿತು. ಜಪ ಕಲಿಸುವುದು ಧರ್ಮ, ಕೂಲಿಯ ಮಾತು ರಾಜಕೀಯ ಎಂಬ ಗೆರೆಯನ್ನು ಧರ್ಮಸಭೆ ಎಳೆದಿಲ್ಲ.

ಆದ್ದರಿಂದ ಪಾಠದ ವಿಷಯದಲ್ಲಿ ನೀವು ತಪ್ಪಿತಸ್ಥರಲ್ಲ. ಆದರೆ ಪಾಠ ಮನೆಗೆ ಹೋದ ದಾರಿಯ ಬಗ್ಗೆ ಒಂದು ಮಾತು ಹೇಳಬೇಕು, ಬೇಸರಿಸಬೇಡಿ. ಒಂಬತ್ತನೆಯ ತರಗತಿಯ ಹುಡುಗ ಪುಸ್ತಕ, ಪೆನ್ನು ಹಿಡಿದು "ಅಮ್ಮಾ, ಆಂಟಿಗೆ ಎಷ್ಟು ಕೊಡ್ತೀರಿ, ಬರ್ಕೊಂಡು ಹೋಗಬೇಕು" ಎಂದಾಗ ತಾಯಿಗೆ ಏನನ್ನಿಸಿರಬಹುದು? ಆ ಲೆಕ್ಕ ನಾಳೆ ಹತ್ತು ಮಕ್ಕಳ ಮುಂದೆ ಓದಲ್ಪಡುತ್ತದೆ ಎಂಬ ಭಯ. ಕಡಿಮೆ ಕೊಡುತ್ತಿದ್ದೇನೆ ಎಂದು ಒಳಗೊಳಗೇ ಗೊತ್ತಿದ್ದರಂತೂ ನಾಚಿಕೆ. ಮನೆಗೆ ಸಾಲ ಕಟ್ಟುತ್ತಾ ಕೈ ಬಿಗಿಯಾಗಿದ್ದರೆ ಸಂಕಟ. ನಾಚಿಕೆಯಾದವರು ನಾಚಿಕೆಯಾಯಿತು ಎಂದು ಹೇಳುವುದು ಅಪರೂಪ, ಸಿಟ್ಟು ಮಾಡುತ್ತಾರೆ. ಆ ಸಿಟ್ಟಿನ ಹಿಂದೆ ಮನಸ್ಸಾಕ್ಷಿ ಎಚ್ಚರವಾಗಿದೆ ಎಂದೇ ನಾನು ನಂಬುತ್ತೇನೆ. ಹಿರಿಯರು ಕಲಿಯಬೇಕಾದ ಪಾಠವನ್ನು ಮಕ್ಕಳ ಕೈಲಿ ಕಳಿಸಿದ್ದರಿಂದ ಮಕ್ಕಳು ನಡುವೆ ಸಿಕ್ಕಿಕೊಂಡರು. ವಿಷಯ ಬಿಡಬೇಡಿ, ದಾರಿ ಬದಲಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹುಡುಗಿ. ಗಲಾಟೆಯಲ್ಲಿ ಅವಳನ್ನು ಯಾರೂ ನೆನೆದಂತಿಲ್ಲ. ಅವಳ ಅಮ್ಮ ನಿಮ್ಮ ಚರ್ಚಿನ ಬೆಳಗಿನ ಮೊದಲ ಪೂಜೆಗೆ ಬರುವವರಲ್ಲಿ ಒಬ್ಬರಿರಬಹುದು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಪರಮಪ್ರಸಾದ ಸ್ವೀಕರಿಸಿ, ಪ್ರಕಟಣೆ ಓದುವ ಮೊದಲೇ ಚೀಲ ಎತ್ತಿಕೊಂಡು ಹೊರಡುವ ಹೆಂಗಸರನ್ನು ನೀವೂ ಗಮನಿಸಿರುತ್ತೀರಿ. ಅವರು ಏಳು ಗಂಟೆಗೆ ಮೊದಲ ಮನೆ ಮುಟ್ಟಬೇಕು. ಆ ಮಗು ಧೈರ್ಯ ಮಾಡಿ ಎರಡು ಸಾಲು ಬರೆದಿದ್ದಾಳೆ. ದಯವಿಟ್ಟು ಅದನ್ನು ತರಗತಿಯಲ್ಲಿ ಓದಬೇಡಿ, ಸಭೆಯಲ್ಲಿ ಉದಾಹರಣೆಯಾಗಿಯೂ ಹೇಳಬೇಡಿ. ಅವಳನ್ನು ಒಬ್ಬಳನ್ನೇ ಕರೆದು "ನೀನು ಬರೆದದ್ದು ಓದಿದೆ ಕಣಮ್ಮ, ನಿಜ ಬರೆದಿದ್ದೀಯ" ಎಂದಷ್ಟೇ ಹೇಳಿ. ನೀವು ತರಗತಿ ಬಿಟ್ಟರೆ ಅವಳಿಗೆ ಏನನ್ನಿಸೀತು ಎಂದೂ ಯೋಚಿಸಿ.

ಈಗ ಮಾಡಬೇಕಾದ್ದು. ಕೆಲವು ವಾರ ಆ ವಾಟ್ಸ್‌ಆಪ್ ಗ್ರೂಪಿನಲ್ಲಿ ಏನನ್ನೂ ಬರೆಯಬೇಡಿ, ಸಮಜಾಯಿಷಿಯನ್ನೂ ಕೊಡಬೇಡಿ. ಅಲ್ಲಿ ಮಾತು ಬೆಳೆಯುತ್ತದೆ, ಮನಸ್ಸು ತಿಳಿಯಾಗುವುದಿಲ್ಲ. ಅದರ ಬದಲು ಹೆಚ್ಚು ಸಿಟ್ಟಾದ ಒಬ್ಬ ತಾಯಿಯ ಮನೆಗೆ, ಅವರಿಗೆ ಪರಿಚಯವಿರುವ ಒಬ್ಬ ಸಿಸ್ಟರ್ ಜೊತೆ ಹೋಗಿ ಬನ್ನಿ. "ಮಕ್ಕಳ ಮೂಲಕ ಕೇಳಬಾರದಿತ್ತು, ನಿಮಗೆ ಮುಜುಗರವಾಯಿತು" ಎನ್ನಿ. ಪಾಠಕ್ಕೆ ಮಾತ್ರ ಕ್ಷಮೆ ಕೇಳಬೇಕಿಲ್ಲ.

ಫಾದರ್ ಮೌನವನ್ನು ನೀವು ವಿರೋಧ ಎಂದು ಓದಿದ್ದೀರಿ. ಇರಬಹುದು, ಇಲ್ಲದೆಯೂ ಇರಬಹುದು. ಎಷ್ಟೋ ಗುರುಗಳು ತುಂಬಿದ ಸಭೆಯಲ್ಲಿ ಒಬ್ಬರ ಪರ ನಿಂತರೆ ಬಿರುಕು ದೊಡ್ಡದಾದೀತೆಂದು ಸುಮ್ಮನಾಗುತ್ತಾರೆ. ಸಮಯ ಕೇಳಿ ಒಬ್ಬರೇ ಹೋಗಿ ಮಾತಾಡಿ. ದೂರು ಹೇಳುವ ಬದಲು ಒಂದು ಕೋರಿಕೆ ಇಡಿ. ಕ್ರಿಸ್ತರಾಜರ ಹಬ್ಬದ ಹಿಂದಿನ ಭಾನುವಾರವನ್ನು ಧರ್ಮಸಭೆ 2017ರಿಂದ ಬಡವರ ವಿಶ್ವ ದಿನವೆಂದು ಆಚರಿಸುತ್ತಿದೆ. ಆ ದಿನ ಪಾಲಕರಿಗೇ ಒಂದು ಗಂಟೆಯ ಕೂಟ ಇಡಬಹುದೇ ಎಂದು ಕೇಳಿ. ಅಲ್ಲಿ ಭಾಷಣ ನೀವು ಮಾಡಬೇಡಿ. ಬೆಲ್ಜಿಯಂ ಮೂಲದ ಸಿಸ್ಟರ್ ಜೀನ್ ಡೆವೊಸ್ 1985ರಲ್ಲಿ ಕಟ್ಟಿದ ರಾಷ್ಟ್ರೀಯ ಮನೆಕೆಲಸಗಾರರ ಚಳವಳಿ ಕರ್ನಾಟಕದಲ್ಲೂ ಕೆಲಸ ಮಾಡಿದೆ. ಆ ಚಳವಳಿಯವರನ್ನು ಕರೆಸಿ. ಮನೆಗೆಲಸಕ್ಕೆ ಕನಿಷ್ಠ ಕೂಲಿಯನ್ನು ನಮ್ಮ ರಾಜ್ಯ 2004ರಲ್ಲೇ ನಿಗದಿ ಮಾಡಿದೆ ಎಂಬುದು ಆ ಸಭಾಂಗಣದಲ್ಲಿ ಕೂರುವ ಎಷ್ಟೋ ಜನರಿಗೆ ಹೊಸ ಸುದ್ದಿಯಾಗಿರುತ್ತದೆ. ಹೆಸರು ಹೇಳದೆ, ಬೆರಳು ತೋರದೆ ತಿಳಿಸಿದರೆ ಜನ ಕೇಳುತ್ತಾರೆ.

ಇನ್ನು ನಿಮ್ಮ ಬಗ್ಗೆ. ಸ್ವಲ್ಪ ದಿನ ಬೇರೆ ಧರ್ಮಕೇಂದ್ರದಲ್ಲಿ ವಾರದ ಮಧ್ಯದ ಒಂದು ಪೂಜೆಗೆ ಹೋಗಿ, ಯಾರ ಪರಿಚಯವೂ ಇಲ್ಲದ ಕಡೆ ಕೂತು ಬನ್ನಿ. ಅಲ್ಲಿ ನೀವು ಶಿಕ್ಷಕಿಯಾಗಿರಬೇಕಿಲ್ಲ. ಪ್ರಾರ್ಥನೆಯ ಮಾತುಗಳು ಬರದಿದ್ದರೆ ಸುಮ್ಮನೆ ಜಪಸರ ಹಿಡಿದು ಕೂತರೂ ಸಾಕು. ನಿದ್ದೆಗೇಡು ಎರಡು ವಾರ ದಾಟಿದ್ದರೆ, ಊಟ ಸೇರದಿದ್ದರೆ, ಅದನ್ನು ಪ್ರಾರ್ಥನೆಯಿಂದಲೇ ಸರಿಮಾಡುತ್ತೇನೆ ಎಂದು ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಅಥವಾ ಹತ್ತಿರದ ವೈದ್ಯರನ್ನು ನೋಡಿ.

ತರಗತಿ ಬಿಡುವ ನಿರ್ಧಾರವನ್ನು ಈ ನೋವು ಹಸಿಯಾಗಿರುವಾಗ ಮಾಡಬೇಡಿ. ದೃಢೀಕರಣದವರೆಗೆ ಮಕ್ಕಳ ಜೊತೆ ಇರಿ, ಆಮೇಲೆ ಬೇಕಿದ್ದರೆ ಒಂದು ವರ್ಷ ವಿರಾಮ ತೆಗೆದುಕೊಳ್ಳಿ. ಅದರಲ್ಲಿ ಅವಮಾನವೇನಿಲ್ಲ.

ಇದನ್ನು ಓದುತ್ತಿರುವ ಪಾಲಕರಲ್ಲೂ ಒಂದು ವಿನಂತಿ. ಮಗು ಇಂಥ ಪ್ರಶ್ನೆ ಹಿಡಿದು ಬಂದರೆ ಶಿಕ್ಷಕಿಗೆ ಫೋನ್ ಮಾಡುವ ಮೊದಲು ನಿಮ್ಮ ಮನೆಯಲ್ಲಿ ದುಡಿಯುವವರ ಜೊತೆ ಕೂತು ಸಂಬಳ, ರಜೆಯ ಮಾತಾಡಿ. ಭಾನುವಾರದ ರಜೆಯನ್ನು ಈ ವಾರದಿಂದಲೇ ಕೊಡಬಹುದು.